ಡೇಟಾಮ್ಯಾಟ್ರಿಕ್ಸ್ ಗ್ರೇಡ್ ‘ಎ’ ಬರ್ತಿದೆ, ಆದ್ರೂ ಗ್ರಾಹಕರ ಗೋದಾಮಲ್ಲಿ ‘ಬ್ಯಾಚ್ ಇಲ್ಲ’ ಅಂತಿದೆ

ಲೈನ್‌ನಾಲ್ಕು

ನಮಸ್ಕಾರ. ದೊಡ್ಡಬಳ್ಳಾಪುರ ಕಡೆಯ ಒಂದು ಮಾತ್ರೆ ಘಟಕದ ಪ್ಯಾಕಿಂಗ್ ವಿಭಾಗದಿಂದ ಕೇಳ್ತಿದ್ದೇನೆ. ಯುರೋಪಿಗೆ ಹೋಗೋ ಕಾರ್ಟನ್ ಮೇಲೆ ಥರ್ಮಲ್ ಇಂಕ್‌ಜೆಟ್‌ನಲ್ಲಿ ಜಿಎಸ್1 ಡೇಟಾಮ್ಯಾಟ್ರಿಕ್ಸ್ (ಜಿಎಸ್1 ಸಂಸ್ಥೆಯ ನಿಯಮದಂತೆ ಹೊಡೆಯೋ ಚೌಕ ಚೌಕದ ಕೋಡ್) ಹೊಡೀತೇವೆ. ಮಾರಾಟದ ಅನುಮತಿ ಗ್ರಾಹಕರದ್ದು (ನಮ್ಮಿಂದ ಮಾಡಿಸಿಕೊಳ್ಳೋ ಕಂಪನಿ). ಸೀರಿಯಲ್ ನಂಬರೂ ಅವರೇ ಕಳಿಸ್ತಾರೆ: 12 ಸ್ಥಾನ, ಬರೀ ಅಂಕಿ. ಒಳಗಿರೋ ಕ್ರಮ (ಆವರಣದಲ್ಲಿರೋದು ಮುಂದೆ ಯಾವ ಅಂಶ ಅಂತ ಹೇಳೋ ಗುರುತು): ಜಿಟಿನ್ ಅಂದ್ರೆ ಉತ್ಪನ್ನದ ಸಂಖ್ಯೆ (01), ಎಕ್ಸ್‌ಪೈರಿ (17), ಬ್ಯಾಚ್ (10), ಸೀರಿಯಲ್ (21).

ತೊಂದರೆ ಮೂರು.

1. ಲೈನಿನ ಸಾಫ್ಟ್‌ವೇರ್ ಟೆಂಪ್ಲೇಟ್ ಹೊಸದು ಮಾಡಿದ ಮೇಲೆ ಗ್ರಾಹಕರ ಗೋದಾಮಿಂದ ದೂರು ಬರ್ತಿದೆ. ಬ್ಯಾಚ್ 240915 ಸ್ಕ್ಯಾನ್ ಮಾಡಿದ್ರೆ ‘ಬ್ಯಾಚ್ ಸಿಗಲಿಲ್ಲ’ ಅನ್ನುತ್ತೆ. ಬ್ಯಾಚ್ 2411083ಕ್ಕೆ ‘ಡೇಟಾ ಅಮಾನ್ಯ’ ಅನ್ನುತ್ತೆ. ನಮ್ಮ ಕ್ಯಾಮೆರಾ ಎರಡನ್ನೂ ಪಾಸ್ ಮಾಡಿದೆ, ಲ್ಯಾಬಿನ ವೆರಿಫೈಯರ್‌ನಲ್ಲಿ (ಮುದ್ರಣದ ಗುಣಮಟ್ಟ ಅಳೆಯೋ ಸಾಧನ) ಗ್ರೇಡ್ ಎ. ಮೊಬೈಲ್ ಆ್ಯಪ್‌ನಲ್ಲೂ ಎಲ್ಲ ಅಂಕಿ ಸರಿಯಾಗಿ ಕಾಣುತ್ತೆ.

2. ಇನ್ನೊಂದು ಲೈನಲ್ಲಿ ವಾರ್ನಿಶ್ ಇರೋ ಕಾರ್ಟನ್. ಅಲ್ಲಿ ಗ್ರೇಡ್ ಸಿ ಮತ್ತು ಡಿ ಮಧ್ಯೆ ಓಲಾಡ್ತಿದೆ. 300 ಡಿಪಿಐ, ಮಾಡ್ಯೂಲ್ (ಕೋಡಿನ ಒಂದು ಚೌಕ) 0.30 ಮಿ.ಮೀ. ಇಟ್ಟಿದ್ದೇವೆ.

3. ದೇಶದೊಳಗೆ ಮಾರೋ ಒಂದು ಬ್ರ್ಯಾಂಡ್ ಶೆಡ್ಯೂಲ್ ಎಚ್2 ಪಟ್ಟಿಯಲ್ಲಿದೆ (ಪ್ಯಾಕ್ ಮೇಲೆ ಕೋಡ್ ಕಡ್ಡಾಯ ಇರೋ ಬ್ರ್ಯಾಂಡ್‌ಗಳ ಪಟ್ಟಿ). ಈ ಡೇಟಾಮ್ಯಾಟ್ರಿಕ್ಸ್ ವಿನ್ಯಾಸವನ್ನೇ ಅದಕ್ಕೂ ಬಳಸಬಹುದಾ?

---

ಚೆಕ್‌ಡಿಜಿಟ್

ಮೊದಲನೆಯದಕ್ಕೆ ಉತ್ತರ ನೀವು ಕೊಟ್ಟ ಎರಡು ಬ್ಯಾಚ್ ನಂಬರುಗಳಲ್ಲೇ ಇದೆ. ಒಂದು 6 ಅಂಕಿ, ಇನ್ನೊಂದು 7.

ಬ್ಯಾಚ್ (10) ಉದ್ದ ನಿಗದಿಯಿಲ್ಲದ ಅಂಶ, ಗರಿಷ್ಠ 20 ಅಕ್ಷರ. ಅದು ಎಲ್ಲಿ ಮುಗಿಯಿತು ಅಂತ ಓದುವ ಸಾಫ್ಟ್‌ವೇರ್‌ಗೆ ಗೊತ್ತಾಗಬೇಕಾದರೆ ಕೊನೆಗೊಂದು ವಿಭಜಕ ಬೇಕು. ಎಫ್‌ಎನ್‌ಸಿ1 ಅನ್ನುವ ವಿಶೇಷ ಸಂಕೇತ ಅಥವಾ ‘ಗ್ರೂಪ್ ಸೆಪರೇಟರ್’ ಅನ್ನುವ ಆಸ್ಕಿ 29, ಎರಡರಲ್ಲಿ ಯಾವುದನ್ನು ಹಾಕಿದರೂ ಸ್ಕ್ಯಾನರ್ ಹೊರಗೆ ಕಳಿಸುವುದು ಆಸ್ಕಿ 29ನ್ನೇ. ಜಿಟಿನ್, ಎಕ್ಸ್‌ಪೈರಿಗೆ ಉದ್ದ ನಿಗದಿಯಾಗಿರುವುದರಿಂದ ಅವುಗಳಿಗೆ ಇದು ಬೇಡ. ಕೊನೆಯಲ್ಲಿ ಬರುವ ಅಂಶಕ್ಕೂ ಬೇಡ.

ನಿಮ್ಮ ಹೊಸ ಟೆಂಪ್ಲೇಟಿನಲ್ಲಿ ಈ ವಿಭಜಕ ಬಿದ್ದುಹೋಗಿದೆ. ಆಗ ಸಾಲು ಹೀಗಾಗುತ್ತದೆ (ಜಿಟಿನ್, ಸೀರಿಯಲ್ ಉದಾಹರಣೆಗೆ ಮಾತ್ರ):

01 08901234567890 17 270831 10 240915 21 730518462957

ಜಾಗ ಬಿಟ್ಟು ಬರೆದದ್ದು ನಮ್ಮ ಕಣ್ಣಿಗಾಗಿ, ಕೋಡ್ ಒಳಗೆ ಎಲ್ಲ ಅಂಟಿಕೊಂಡೇ ಇರುತ್ತದೆ. ಗೋದಾಮಿನ ಸಾಫ್ಟ್‌ವೇರ್ 10 ಆದ ಮೇಲಿನದನ್ನೆಲ್ಲ ಬ್ಯಾಚ್ ಅಂದುಕೊಳ್ಳುತ್ತದೆ: 24091521730518462957. ಎಣಿಸಿ ನೋಡಿ. 6, ನಡುವಿನ 21ರ 2, ಸೀರಿಯಲ್ಲಿನ 12, ಒಟ್ಟು 20. ಮಿತಿಯೊಳಗೇ ಇದೆ, ಹಾಗಾಗಿ ಅದು ಒಪ್ಪಿಕೊಂಡು ‘ಇಂಥ ಬ್ಯಾಚ್ ಇಲ್ಲ’ ಅನ್ನುತ್ತದೆ. 7 ಅಂಕಿಯ ಬ್ಯಾಚಾದರೆ 21 ಆಯಿತು, ಮಿತಿ ದಾಟಿತು, ‘ಡೇಟಾ ಅಮಾನ್ಯ’. ತಪ್ಪು ಒಂದೇ, ಎರಡು ದೂರಾಗಿ ಕಾಣುತ್ತಿದೆ.

ನಿಮ್ಮಲ್ಲಿ ಎಲ್ಲ ಕಡೆ ಪಾಸ್ ಆಗಿದ್ದು ಹೇಗೆ ಅಂದರೆ:

ಮೊಬೈಲ್ ಆ್ಯಪ್ ತೋರಿಸುವುದು ಪಠ್ಯವನ್ನು. ಆಸ್ಕಿ 29 ಕಣ್ಣಿಗೆ ಕಾಣುವ ಅಕ್ಷರವಲ್ಲ. ಇದ್ದರೂ ಇಲ್ಲದಿದ್ದರೂ ತೆರೆಯ ಮೇಲೆ ಒಂದೇ.

ಲೈನ್ ಕ್ಯಾಮೆರಾ ‘ಏನು ಕಳಿಸಿದೆವೋ ಅದೇ ಬಂತಾ’ ಅಂತ ಹೋಲಿಸುತ್ತದೆ. ಕಳಿಸಿದ್ದರಲ್ಲೇ ವಿಭಜಕ ಇಲ್ಲದಿದ್ದರೆ ಹೋಲಿಕೆ ಸರಿಯಾಗಿಯೇ ಬರುತ್ತದೆ.

ಐಎಸ್‌ಒ/ಐಇಸಿ 15415 ಗ್ರೇಡ್ ಅಳೆಯುವುದು ಮುದ್ರಣವನ್ನು, ಒಳಗಿನ ವಾಕ್ಯರಚನೆಯನ್ನಲ್ಲ. ಹೆಚ್ಚಿನ ವೆರಿಫೈಯರ್‌ಗಳಲ್ಲಿ ಡೇಟಾ ತಪಾಸಣೆಗೆ ಬೇರೆ ಸೆಟ್ಟಿಂಗ್ ಇರುತ್ತದೆ. ಅದನ್ನು ‘ಜಿಎಸ್1’ ಅಂತ ಇಟ್ಟರೆ ಇದೇ ಕಾರ್ಟನ್ ಅಲ್ಲೇ ಫೇಲ್ ಆಗುತ್ತದೆ.

ಕೋಡಿನ ಗಾತ್ರ ನೋಡಿಯೂ ಗೊತ್ತಾಗುವುದಿಲ್ಲ. ವಿಭಜಕ ಇಲ್ಲದೆ ನಿಮ್ಮ ಡೇಟಾಗೆ 24 ಕೋಡ್‌ವರ್ಡ್ (ಕೋಡ್ ಒಳಗೆ ಡೇಟಾ ತುಂಬುವ ಘಟಕ) ಬೇಕು, ಇದ್ದರೆ 25. ಎರಡೂ 22×22 ಚೌಕದಲ್ಲೇ (30 ಕೋಡ್‌ವರ್ಡ್) ಕೂರುತ್ತವೆ.

ತಪಾಸಣೆಯ ಕ್ರಮ:

ಹ್ಯಾಂಡ್ ಸ್ಕ್ಯಾನರನ್ನು ಕೀಬೋರ್ಡ್ ಮೋಡ್‌ನಿಂದ ತೆಗೆದು ಸೀರಿಯಲ್ ಪೋರ್ಟ್ ಮೋಡ್‌ಗೆ ಹಾಕಿ. ಆಗದಿದ್ದರೆ, ಆಸ್ಕಿ 29 ಬಂದಾಗ ಅದರ ಬದಲು ಒಂದು ಲಂಬಗೆರೆ (|) ಕಳಿಸುವಂತೆ ಸೆಟ್ ಮಾಡಿ. ‘ಸಿಂಬಾಲಜಿ ಐಡೆಂಟಿಫೈಯರ್ (ಕೋಡಿನ ಬಗೆ ಹೇಳುವ ಗುರುತು) ಕಳಿಸು’ ಅನ್ನುವುದನ್ನೂ ಆನ್ ಮಾಡಿ. ಈಗ ಕಾರ್ಟನ್ ಸ್ಕ್ಯಾನ್ ಮಾಡಿದರೆ ಸಾಲಿನ ಮೊದಲಿಗೆ ]ಡಿ2 ಬರಬೇಕು (ಸ್ಕ್ಯಾನರ್ ಅದನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ತೋರಿಸುತ್ತದೆ). ]ಡಿ1 ಬಂದರೆ ಮೊದಲ ಸ್ಥಾನದ ಎಫ್‌ಎನ್‌ಸಿ1 ಕೂಡ ಇಲ್ಲ, ಅದು ಬರೀ ಡೇಟಾಮ್ಯಾಟ್ರಿಕ್ಸ್, ಜಿಎಸ್1 ಡೇಟಾಮ್ಯಾಟ್ರಿಕ್ಸ್ ಅಲ್ಲವೇ ಅಲ್ಲ. ಬ್ಯಾಚ್ ಮತ್ತು 21ರ ನಡುವೆ ಲಂಬಗೆರೆ ಕಾಣಬೇಕು. ಆವರಣ ಚಿಹ್ನೆ ( ) ಒಂದೂ ಕಾಣಬಾರದು. ಅದು ಮನುಷ್ಯರು ಓದುವ ಸಾಲಿಗೆ ಮಾತ್ರ. ಅದನ್ನೂ ಕೋಡ್ ಒಳಗೆ ತುಂಬಿದ ಟೆಂಪ್ಲೇಟ್‌ಗಳು ಈಗಲೂ ಓಡಾಡುತ್ತಿವೆ.

ಸರಿಪಡಿಸುವಾಗ ಇಡೀ ಸಾಲನ್ನು ಒಂದೇ ಪಠ್ಯವಾಗಿ ಪ್ರಿಂಟರ್‌ಗೆ ಕಳಿಸಬೇಡಿ. ಮೇಲಿನ ಸರ್ವರ್‌ನಿಂದ ಲೈನಿಗೆ ಎಕ್ಸ್‌ಎಂಎಲ್ ಮೂಲಕ ಡೇಟಾ ಬರುತ್ತಿದ್ದರೆ ಇದು ಇನ್ನೂ ಮುಖ್ಯ, ಯಾಕೆಂದರೆ ಎಕ್ಸ್‌ಎಂಎಲ್ 1.0ರಲ್ಲಿ ಆಸ್ಕಿ 29 ನಿಷಿದ್ಧ ಅಕ್ಷರ. ಕೆಲವು ಸಾಫ್ಟ್‌ವೇರ್ ಅದನ್ನು ಸದ್ದಿಲ್ಲದೆ ಕಿತ್ತುಹಾಕುತ್ತವೆ. ನಿಮ್ಮಲ್ಲೂ ಇದೇ ಆಗಿರಬೇಕು ಅನ್ನುವುದು ನನ್ನ ಗುಮಾನಿ. ಜಿಟಿನ್, ಎಕ್ಸ್‌ಪೈರಿ, ಬ್ಯಾಚ್, ಸೀರಿಯಲ್ ನಾಲ್ಕನ್ನೂ ನಾಲ್ಕು ಬೇರೆ ಫೀಲ್ಡ್‌ಗಳಾಗಿ ಕಳಿಸಿ. ಸಾಲು ಕಟ್ಟುವ ಕೆಲಸ ಪ್ರಿಂಟರಿನ ‘ಜಿಎಸ್1 ಡೇಟಾಮ್ಯಾಟ್ರಿಕ್ಸ್’ ಆಯ್ಕೆ ಮಾಡಲಿ. ಬರೀ ‘ಡೇಟಾಮ್ಯಾಟ್ರಿಕ್ಸ್’ ಆಯ್ಕೆ ಇಟ್ಟು ಕೈಯಾರೆ ಎಫ್‌ಎನ್‌ಸಿ1 ತುರುಕಬೇಕಾದರೆ ಎಸ್ಕೇಪ್ ಅಕ್ಷರ ಬೇಕಾಗುತ್ತದೆ. ಅದು ಪ್ರಿಂಟರ್‌ನಿಂದ ಪ್ರಿಂಟರ್‌ಗೆ ಬೇರೆ. ಒಂದೇ ಕಂಪನಿಯ ಪ್ರಿಂಟರಿನಲ್ಲೂ ಫರ್ಮ್‌ವೇರ್ ಬದಲಾದಾಗ ಬದಲಾಗಿದ್ದುಂಟು.

ಟೆಂಪ್ಲೇಟ್ ಮತ್ತೆ ವ್ಯಾಲಿಡೇಟ್ ಮಾಡುವಾಗ ಸಾದಾ ಬ್ಯಾಚ್ ನಂಬರ್ ಇಟ್ಟು ಪರೀಕ್ಷಿಸಿದರೆ ಪ್ರಯೋಜನವಿಲ್ಲ. 1 ಅಕ್ಷರದ ಬ್ಯಾಚ್, 20 ಅಕ್ಷರದ ಬ್ಯಾಚ್, ಒಳಗೆ 21 ಮತ್ತು 17 ಬರುವ 102117ನಂಥ ಬ್ಯಾಚ್, 10ರಿಂದ ಶುರುವಾಗುವ ಸೀರಿಯಲ್ ಇವನ್ನೆಲ್ಲ ಹಾಕಿ. ಓದುವ ಕಡೆ ಪ್ರತಿ ಫೀಲ್ಡೂ ತನ್ನ ಜಾಗಕ್ಕೆ ಬಿತ್ತಾ ನೋಡಿ.

---

ಲೈನ್‌ನಾಲ್ಕು

ಸರ್, ಸರ್ವರ್‌ನಿಂದ ಎಕ್ಸ್‌ಎಂಎಲ್‌ನಲ್ಲೇ ಬರ್ತಿರೋದು. ಲಂಬಗೆರೆ ಸೆಟ್ ಮಾಡಿ ನೋಡಿದೆ: ಮೊದಲಿಗೆ ]ಡಿ2 ಬರ್ತಿದೆ, ನಡುವೆ ಗೆರೆ ಇಲ್ಲ. ಈಗಾಗಲೇ ಹೋಗಿರೋ ಸರಕಿಗೆ ಏನಾದ್ರೂ ಮಾಡಬಹುದಾ?

---

ಚೆಕ್‌ಡಿಜಿಟ್

ಕಾರ್ಟನ್ ಮೇಲಿರುವ ಕೋಡನ್ನು ಬದಲಿಸಲು ಬರುವುದಿಲ್ಲ. ಯುರೋಪಿನಲ್ಲಿ ಫಾರ್ಮಸಿಯವರು ಪ್ರತಿ ಪ್ಯಾಕನ್ನೂ ಸ್ಕ್ಯಾನ್ ಮಾಡಿಯೇ ವ್ಯವಸ್ಥೆಯಿಂದ ಇಳಿಸಬೇಕು (2019ರ ಫೆಬ್ರವರಿ 9ರಿಂದ ಜಾರಿ). ಹಾಗಾಗಿ ಗೋದಾಮಿನಲ್ಲಿ ಹೇಗೋ ದಾಟಿಸಿದರೂ ಕೌಂಟರಿನಲ್ಲಿ ಅಲರ್ಟ್ ಏಳುತ್ತದೆ. ಸರಕು ಗ್ರಾಹಕರ ಗೋದಾಮು ದಾಟುವ ಮುಂಚೆಯೇ ತಡೆಹಿಡಿಸಿ, ಡೀವಿಯೇಶನ್ (ಲೋಪದ ದಾಖಲೆ) ತೆರೆಯಿರಿ. ಮರುಪ್ಯಾಕ್ ಮಾಡುವುದಾದರೆ ಹೊಸ ಕಾರ್ಟನ್, ಹೊಸ ಸೀರಿಯಲ್, ಹಳೆಯ ಸೀರಿಯಲ್‌ಗಳನ್ನು ಡಿಕಮಿಶನ್ ಮಾಡುವುದು (ವ್ಯವಸ್ಥೆಯಲ್ಲಿ ರದ್ದು ಮಾಡುವುದು). ಅದೇ ಸೀರಿಯಲ್ಲನ್ನು ಇನ್ನೊಮ್ಮೆ ಮುದ್ರಿಸುವ ಆಸೆ ಬೇಡ. ಹಳೇ ಕಾರ್ಟನ್ ಒಂದೇ ಒಂದು ಎಲ್ಲೋ ಉಳಿದರೂ ಎರಡು ಪ್ಯಾಕಿಗೆ ಒಂದೇ ಗುರುತು ಆಗುತ್ತದೆ. ಎಲ್ಲಿ ಮರುಪ್ಯಾಕ್, ಯಾರು ಮಾಡಬೇಕು ಅನ್ನುವುದನ್ನು ಅನುಮತಿ ಇರುವ ಗ್ರಾಹಕರೇ ನಿರ್ಧರಿಸಬೇಕು.

ಹಾಂ, ಗೋದಾಮಿನವರ ಮೇಲೆ ತಪ್ಪು ಹೊರಿಸುವ ಸಂದರ್ಭವೂ ಉಂಟು, ಅದು ಬೇರೆ. ಕೋಡ್ ಸರಿಯಿದ್ದು ಅವರ ಸ್ಕ್ಯಾನರ್ ಕೀಬೋರ್ಡ್ ಮೋಡ್‌ನಲ್ಲಿದ್ದರೆ ಆಸ್ಕಿ 29 ‘ಕಂಟ್ರೋಲ್’ ಕೀ ಒತ್ತಿದಂತೆ ಬಂದು ಬ್ರೌಸರ್ ಅದನ್ನು ನುಂಗುತ್ತದೆ. ಕ್ಯಾಪ್ಸ್ ಲಾಕ್ ಆನ್ ಇದ್ದರೆ ಸೀರಿಯಲ್‌ನ ದೊಡ್ಡಕ್ಷರ ಸಣ್ಣಕ್ಷರ ಅದಲು ಬದಲು. ಜರ್ಮನ್ ಕೀಬೋರ್ಡ್ ವಿನ್ಯಾಸ ಇರುವ ಕಂಪ್ಯೂಟರ್‌ನಲ್ಲಿ ವೈ ಮತ್ತು ಝಡ್ ತಿರುಗುಮುರುಗು. ಯುರೋಪಿನಲ್ಲಿ ಎದ್ದ ಸುಳ್ಳು ಅಲರ್ಟ್‌ಗಳಿಗೆ ಇವೂ ಕಾರಣವಾಗಿದ್ದವು. ನಿಮ್ಮದು ಬರೀ ಅಂಕಿಯ ಸೀರಿಯಲ್ ಆದ್ದರಿಂದ ಕೊನೆಯ ಎರಡು ನಿಮಗೆ ಬಾಧಿಸಲ್ಲ.

---

ಇಂಕ್‌ಜೆಟ್ ಭಟ್ಟ

ಎರಡನೇ ಪ್ರಶ್ನೆ ನನಗಿರ್ಲಿ.

ಮೊದಲು ಆ 0.30 ಬಿಡಿ. 300 ಡಿಪಿಐ ಅಂದ್ರೆ ಒಂದು ಚುಕ್ಕೆ 25.4÷300 = 0.0847 ಮಿ.ಮೀ. 0.30 ಮಿ.ಮೀ.ಗೆ ಮೂರೂವರೆ ಚುಕ್ಕೆ ಬೇಕು. ಅರ್ಧ ಚುಕ್ಕೆ ಹಾರಿಸೋಕೆ ಪ್ರಿಂಟರಿಗೆ ಆಗಲ್ಲ, ಹಾಗಾಗಿ ಒಂದು ಮಾಡ್ಯೂಲ್ 3 ಚುಕ್ಕೆ, ಪಕ್ಕದ್ದು 4 ಚುಕ್ಕೆ ಮಾಡಿ ಹೊಂದಿಸುತ್ತೆ. ಚೌಕ ಚೌಕದ ಗಾತ್ರ ಬೇರೆ ಆದ್ಮೇಲೆ ಗ್ರೇಡ್ ಎಲ್ಲಿಂದ ಬರಬೇಕು. 3 ಚುಕ್ಕೆ (0.254) ಇಡಿ, ಇಲ್ಲ 4 ಚುಕ್ಕೆ (0.339) ಇಡಿ. ನನ್ನ ಮತ ನಾಲ್ಕಕ್ಕೆ. 0.254 ಅನ್ನೋದು ಈ ಬಳಕೆಗೆ ಇರೋ ಕೆಳಮಿತಿಯ ಅಂಚು, ವಾರ್ನಿಶ್ ಕಾರ್ಟನ್ ಮೇಲೆ ಮಸಿ ಸ್ವಲ್ಪ ಹರಡಿದ್ರೂ ಬಿಳಿ ಚೌಕಗಳು ಮುಚ್ಚಿಹೋಗ್ತವೆ. 22×22 ಕೋಡ್, ಸುತ್ತ ಒಂದೊಂದು ಮಾಡ್ಯೂಲ್ ಖಾಲಿ ಅಂಚು ಸೇರಿ 24 × 0.339 = 8.1 ಮಿ.ಮೀ. ಕಾರ್ಟನ್ ಕಿವಿ ಮೇಲೆ ಆರಾಮಾಗಿ ಕೂರುತ್ತೆ. 600 ಡಿಪಿಐ ಮಾಡೋಕೆ ಲೈನ್ ವೇಗ ಬಿಟ್ಟುಕೊಟ್ರೆ 9 ಚುಕ್ಕೆಗೆ 0.381 ಸಿಗುತ್ತೆ.

ಕಾರ್ಟ್ರಿಜ್ ಒಂದರ ಮುದ್ರಣದ ಪಟ್ಟಿ ಸಾಮಾನ್ಯವಾಗಿ 12.7 ಮಿ.ಮೀ. ಎತ್ತರ. ಎರಡು ಕಾರ್ಟ್ರಿಜ್ ಜೋಡಿಸಿದ್ರೆ ಕೋಡು ಅವುಗಳ ಸಂದಿ ಮೇಲೆ ಬೀಳದಂಗೆ ನೋಡ್ಕೊಳ್ಳಿ. ಬ್ಯಾಚ್, ಎಕ್ಸ್‌ಪೈರಿ ಅಕ್ಷರಗಳು ಸಂದಿ ಮೇಲೆ ಬಂದ್ರೆ ಪರವಾಗಿಲ್ಲ, ಕೋಡ್ ಬರಬಾರದು.

ಆಮೇಲೆ ವೆರಿಫೈಯರ್ ರಿಪೋರ್ಟಲ್ಲಿ ಒಟ್ಟು ಗ್ರೇಡ್ ಮಾತ್ರ ನೋಡಬೇಡಿ. ಒಟ್ಟು ಗ್ರೇಡನ್ನ ಎಳೆಯೋದು ಎಲ್ಲಕ್ಕಿಂತ ಕೆಳಗಿರೋ ಅಂಶ. ಯಾವುದು ಕೆಳಗಿದೆ ಅನ್ನೋದೇ ರೋಗದ ಹೆಸರು:

‘ಮಾಡ್ಯುಲೇಶನ್’ ಕೆಳಗಿದ್ರೆ ಮಸಿ ಹರಡ್ತಿದೆ ಅಥವಾ ಕೂರ್ತಾನೇ ಇಲ್ಲ. ವಾರ್ನಿಶ್ ಮೇಲೆ ನೀರು ಆಧಾರದ ಮಸಿ ಹೀರಲ್ಲ, ಹನಿ ಹನಿಯಾಗಿ ನಿಲ್ಲುತ್ತೆ, ಬೆರಳು ತಾಗಿದ್ರೆ ಒರೆಸಿ ಹೋಗುತ್ತೆ. ಸಾಲ್ವೆಂಟ್ ಮಸಿ ಬೇಕು. ಅದಕ್ಕಿಂತ ಒಳ್ಳೇದು ಆರ್ಟ್‌ವರ್ಕಲ್ಲೇ ವಾರ್ನಿಶ್ ಇಲ್ಲದ ಕಿಟಕಿ ಬಿಡಿಸೋದು. ಕಿಟಕಿ ಕೋಡಿನಷ್ಟೇ ಇದ್ರೆ ಸಾಲದು. ಕಾರ್ಟನ್ ಅತ್ತಿತ್ತ ಜರುಗೋದಕ್ಕೆ ಪ್ರತಿ ಬದಿಗೆ 2ರಿಂದ 3 ಮಿ.ಮೀ. ಜಾಸ್ತಿ ಕೊಡಿ.

‘ಏಕ್ಸಿಯಲ್ ನಾನ್‌ಯೂನಿಫಾರ್ಮಿಟಿ’ ಕೆಳಗಿದ್ರೆ ಚೌಕ ಆಯತ ಆಗಿದೆ, ಎನ್‌ಕೋಡರ್ (ಬೆಲ್ಟಿನ ಓಟ ಅಳೆದು ಪ್ರಿಂಟರಿಗೆ ಹೇಳೋ ಸಾಧನ) ನೋಡಿ. ಎನ್‌ಕೋಡರ್ ಚಕ್ರ ಬೆಲ್ಟಿನ ಮೇಲೆ ಓಡ್ತಿರುತ್ತೆ, ಕಾರ್ಟನ್ ಬೆಲ್ಟಿನ ಮೇಲೆ ಜಾರ್ತಿರುತ್ತೆ. ಪ್ರಿಂಟರ್ ಪಾಪ ಬೆಲ್ಟಿನ ಲೆಕ್ಕಕ್ಕೇ ಹೊಡೀತಿರುತ್ತೆ.

‘ಫಿಕ್ಸ್ಡ್ ಪ್ಯಾಟರ್ನ್ ಡ್ಯಾಮೇಜ್’ ಅಂದ್ರೆ ಎಲ್ ಆಕಾರದ ದಪ್ಪ ಗೆರೆಯಲ್ಲೋ ಎದುರು ಬದಿಯ ಚುಕ್ಕಿ ಸಾಲಲ್ಲೋ ಬಿಳಿ ಗೀರು ಬಿದ್ದಿದೆ. ಒಂದು ನಳಿಕೆ ಕಟ್ಟಿದ್ರೂ ಕಾರ್ಟನ್ ಓಡೋ ದಿಕ್ಕಲ್ಲಿ ಉದ್ದಕ್ಕೂ ಗೀರು ಬರುತ್ತೆ. ಸಾಲ್ವೆಂಟ್ ಮಸಿಗೆ ಇದೇ ಶಾಪ, ಲೈನ್ ನಿಂತ್ರೆ ನಳಿಕೆ ಬಾಯಲ್ಲೇ ಒಣಗುತ್ತೆ. ಊಟದ ಬಿಡುವಿನ ನಂತರದ ಮೊದಲ ಕೆಲವು ಕಾರ್ಟನ್ ರಿಜೆಕ್ಟ್ ಆಗೋದು ಇದಕ್ಕೇ. ನೂಲು ಬಿಡದ ಬಟ್ಟೆಯಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಒರೆಸಿ, ಪರ್ಜ್ ಹೊಡೆದು (ಸ್ವಲ್ಪ ಮಸಿ ಹೊರಗೆ ಚಿಮ್ಮಿಸಿ), ಆಮೇಲೆ ಲೈನ್ ಬಿಡಿ. ಉಜ್ಜಬೇಡಿ.

ಕಾರ್ಟ್ರಿಜ್ ಮುಖಕ್ಕೂ ಕಾರ್ಟನ್ನಿಗೂ ಅಂತರ 1 ಮಿ.ಮೀ. ಆಸುಪಾಸಿರಲಿ. 2 ದಾಟಿದ್ರೆ ಹನಿಗಳು ಚದುರ್ತವೆ, ಅಂಚು ಮಂಕಾಗುತ್ತೆ. ಕಿವಿ ಸರಿಯಾಗಿ ಮಡಚದೆ ಉಬ್ಬಿದ್ರೂ ಇದೇ ಕಥೆ, ಆಗ ಜನ ಪ್ರಿಂಟರ್ ತಿರುವಿ ತಿರುವಿ ಸುಸ್ತಾಗ್ತಾರೆ. ಸರಿ ಮಾಡಬೇಕಾದ್ದು ಗೈಡ್ ರೈಲು.

ಯುರೋಪಿನ ನಿಯಮದಲ್ಲಿ 1.5, ಅಂದ್ರೆ ಸಿ, ಬಂದ್ರೆ ಸಾಕು. ಆದ್ರೆ ಲೈನಲ್ಲಿ ಗುರಿ ಬಿ ಇಟ್ಕೊಳ್ಳಿ. ಸಾಗಣೆಯಲ್ಲಿ ಉಜ್ಜಿ, ಗೋದಾಮಿನ ತೇವಕ್ಕೆ ಒಂದು ಹಂತ ಇಳಿಯೋಕೆ ಜಾಗ ಬೇಕಲ್ವಾ. ಇನ್ನೊಂದು ಮಾತು, ಲೈನ್ ಕ್ಯಾಮೆರಾ ತೋರಿಸೋ ಗ್ರೇಡನ್ನ ಐಎಸ್‌ಒ ಗ್ರೇಡ್ ಅಂತ ಬ್ಯಾಚ್ ರೆಕಾರ್ಡಲ್ಲಿ ಬರೀಬೇಡಿ. ಅಲ್ಲಿಯ ಬೆಳಕು, ಕೋನ, ವೇಗ ಎಲ್ಲ ಬೇರೆ. ಟ್ರೆಂಡ್ ನೋಡೋಕೆ ಅದು ಚೆನ್ನ. ದಾಖಲೆಗೆ ಕ್ಯಾಲಿಬ್ರೇಶನ್ ಕಾರ್ಡ್ ಇಟ್ಟು ಪರೀಕ್ಷಿಸಿದ ಆಫ್‌ಲೈನ್ ವೆರಿಫೈಯರ್ ರಿಪೋರ್ಟೇ ಬೇಕು, ಶುರುವಲ್ಲಿ, ಕಾರ್ಟ್ರಿಜ್ ಬದಲಾದಾಗ, ಕೊನೇಲಿ.

---

ಔಷಧ_ಸರಪಳಿ

ಮೂರನೆಯ ಪ್ರಶ್ನೆಗೆ ನೇರ ಉತ್ತರ: ಬೇಡ, ಎರಡಕ್ಕೂ ಬೇರೆ ವಿನ್ಯಾಸ ಮಾಡಿ.

ಶೆಡ್ಯೂಲ್ ಎಚ್2ರ ನಿಯಮ 2022ರ ನವೆಂಬರ್ 17ರ ಅಧಿಸೂಚನೆ, ಜಿಎಸ್‌ಆರ್ 823(ಇ), ಮೂಲಕ ಬಂದು 2023ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಪಟ್ಟಿ ಇರುವುದು ಬ್ರ್ಯಾಂಡ್ ಹೆಸರಿನಲ್ಲಿ, ಒಟ್ಟು 300. ಕೋಡ್ ಹೇಳಬೇಕಾದ ಅಂಶಗಳು ಎಂಟು: ಉತ್ಪನ್ನದ ವಿಶಿಷ್ಟ ಗುರುತಿನ ಸಂಖ್ಯೆ, ಔಷಧದ ಜೆನೆರಿಕ್ ಹೆಸರು, ಬ್ರ್ಯಾಂಡ್ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಎಕ್ಸ್‌ಪೈರಿ, ತಯಾರಿಕಾ ಲೈಸೆನ್ಸ್ ಸಂಖ್ಯೆ. ಪ್ರತಿ ಪ್ಯಾಕಿಗೂ ಬೇರೆ ಸೀರಿಯಲ್ ಈ ಪಟ್ಟಿಯಲ್ಲಿ ಇಲ್ಲ. ನಿಮ್ಮ ಯುರೋಪ್ ಕೋಡಿನಲ್ಲಿ ಸೀರಿಯಲ್ ಇದೆ, ವಿಳಾಸವೂ ಲೈಸೆನ್ಸೂ ಇಲ್ಲ. ಓದುವವರೂ ಬೇರೆ: ಇಲ್ಲಿ ಔಷಧ ಕೊಂಡವರ ಮೊಬೈಲ್, ಅಲ್ಲಿ ಫಾರ್ಮಸಿಯ ಸ್ಕ್ಯಾನರ್. ಮೊಬೈಲ್ ಕ್ಯಾಮೆರಾಗಳು ಕ್ಯೂಆರ್ ಅನ್ನು ಹಾಗೇ ಓದುತ್ತವೆ, ಡೇಟಾಮ್ಯಾಟ್ರಿಕ್ಸ್‌ಗೆ ಅನೇಕ ಫೋನ್‌ಗಳಲ್ಲಿ ಪ್ರತ್ಯೇಕ ಆ್ಯಪ್ ಬೇಕು. ಹಾಗಾಗಿ ಇಲ್ಲಿ ಕ್ಯೂಆರ್ ಹಾಕುವುದು ಜಾಣತನ.

ಯುರೋಪ್ ಪ್ಯಾಕಿನ ಮೇಲೂ ಇದೇ ಕ್ಯೂಆರ್ ಇರಲಿ ಅಂತ ಮಾರ್ಕೆಟಿಂಗ್‌ನವರು ಕೇಳಿದರೆ ಒಪ್ಪಬೇಡಿ. ಗುರುತಿಗೂ ಅಸಲಿತನದ ಪರಿಶೀಲನೆಗೂ ಸುರಕ್ಷತಾ ಕೋಡ್ ಬಿಟ್ಟು ಇನ್ನೊಂದು ಎರಡು ಆಯಾಮದ ಕೋಡ್ ಕಾಣುವಂತೆ ಇರಬಾರದು ಅಂತ ಅಲ್ಲಿನ ನಿಯಮವೇ ಹೇಳುತ್ತದೆ.

ಈಗ ಕ್ಯೂಆರ್‌ನ ಗಾತ್ರ. ನಿಯಮದ ಪ್ರಕಾರ ಕೋಡ್ ಪ್ರೈಮರಿ ಲೇಬಲ್ (ಔಷಧಕ್ಕೆ ನೇರ ತಾಗುವ ಪ್ಯಾಕ್) ಮೇಲೆ ಇರಬೇಕು, ಅಲ್ಲಿ ಜಾಗ ಸಾಲದಿದ್ದರೆ ಮಾತ್ರ ಸೆಕೆಂಡರಿ (ಹೊರಗಿನ ಕಾರ್ಟನ್) ಮೇಲೆ. ಎಂಟೂ ಅಂಶಗಳನ್ನು ಪಠ್ಯವಾಗಿ ತುಂಬಿದರೆ, ವಿಳಾಸವೊಂದೇ ಅರ್ಧ ನುಂಗಿ, ಸುಮಾರು 250 ಅಕ್ಷರ ಆಗುತ್ತದೆ. ‘ಎಂ’ ಮಟ್ಟದ ದೋಷ ತಿದ್ದುಪಡಿಯಲ್ಲಿ ಅದಕ್ಕೆ ವರ್ಶನ್ 11 ಬೇಕು: 61×61 ಮಾಡ್ಯೂಲ್, ಸುತ್ತ ನಾಲ್ಕು ನಾಲ್ಕು ಮಾಡ್ಯೂಲ್ ಖಾಲಿ ಅಂಚು, ಒಟ್ಟು 69. 0.254ರಲ್ಲಿ ಹೊಡೆದರೂ 17.5 ಮಿ.ಮೀ. ಸ್ಟ್ರಿಪ್ ಹಿಂಬದಿಯಲ್ಲಿ ಇದು ದೊಡ್ಡ ಜಾಗ. ಅದರ ಬದಲು 60 ಅಕ್ಷರದೊಳಗಿನ ವೆಬ್ ವಿಳಾಸ ಇಟ್ಟರೆ ವರ್ಶನ್ 4, 33×33, ಅಂಚು ಸೇರಿ 10.4 ಮಿ.ಮೀ.ಗೆ ಮುಗಿಯಿತು.

ವೆಬ್ ವಿಳಾಸ ಇಡುವವರು ಮಾಡುವ ಒಂದು ಅಡ್ಡದಾರಿ ನನಗೆ ಸರಿ ಕಾಣುವುದಿಲ್ಲ: ಫಾಯಿಲ್ ಮುದ್ರಕರ ಬಳಿಯೇ ಎಲ್ಲ ಬ್ಯಾಚಿಗೂ ಒಂದೇ ಕ್ಯೂಆರ್ ಮುದ್ರಿಸಿಬಿಡುವುದು, ಔಷಧ ಕೊಂಡವರು ಸ್ಕ್ಯಾನ್ ಮಾಡಿದ ಮೇಲೆ ‘ನಿಮ್ಮ ಬ್ಯಾಚ್ ನಂಬರ್ ಟೈಪ್ ಮಾಡಿ’ ಅನ್ನುವುದು. ಬ್ಯಾಚ್, ದಿನಾಂಕಗಳು ಕೋಡಿನಿಂದಲೇ ಸಿಗಬೇಕು ಅನ್ನುವಾಗ ಅವನ್ನು ಓದುವವರ ಬಾಯಿಂದಲೇ ಕೇಳಿದರೆ ಪರಿಶೀಲನೆ ಆದದ್ದು ಯಾವುದರದ್ದು? ವಿಳಾಸದಲ್ಲೇ ಜಿಟಿನ್ ಮತ್ತು ಬ್ಯಾಚ್ ಇರಲಿ. ಜಿಎಸ್1 ಡಿಜಿಟಲ್ ಲಿಂಕ್ ಮಾದರಿಯಲ್ಲಿ ಡೊಮೇನ್ ಆದ ಮೇಲೆ /01/ಜಿಟಿನ್/10/ಬ್ಯಾಚ್ ಅಂತ ಬರೆಯುವುದು, ಎಕ್ಸ್‌ಪೈರಿ ಬೇಕಿದ್ದರೆ ಕೊನೆಗೆ ?17= ಸೇರಿಸುವುದು. ಡೊಮೇನ್ ನಿಮ್ಮದೇ ಇರಲಿ. ಉಚಿತವಾಗಿ ವಿಳಾಸ ಚಿಕ್ಕದು ಮಾಡಿಕೊಡುವ ತಾಣಗಳನ್ನು ನಂಬಿ ಐದು ವರ್ಷ ಎಕ್ಸ್‌ಪೈರಿ ಇರುವ ಸರಕಿಗೆ ಕೋಡ್ ಹೊಡೆಯಬೇಡಿ.

ಫಾಯಿಲ್ ಮೇಲೆ ಲೈನಿನಲ್ಲೇ ಮುದ್ರಿಸುವಾಗ ನರ್ಲಿಂಗ್ ಬಗ್ಗೆ ಎಚ್ಚರ. ಸೀಲಿಂಗ್ ರೋಲರಿನ ಉಬ್ಬುತಗ್ಗು ಕೋಡಿನ ಮೇಲೆ ಬಿದ್ದರೆ ಹೊಳಪು ಅಲ್ಲಲ್ಲಿ ಹಿಂದಿರುಗಿ ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ ಓದಿಕೊಳ್ಳುತ್ತದೆ. ಫಾಯಿಲ್ ಮೇಲೆ ಮೊದಲು ಮ್ಯಾಟ್ ಬಿಳಿ ಪಟ್ಟಿ, ಅದರ ಮೇಲೆ ಕಪ್ಪು ಕೋಡ್. ಸಾಧ್ಯವಿದ್ದರೆ ಆ ಜಾಗಕ್ಕೆ ನರ್ಲಿಂಗ್ ಬಾರದಂತೆ ಪ್ಲೇಟ್ ಮಾಡಿಸಿ.

ಕಚ್ಚಾ ಔಷಧ (ಎಪಿಐ) ಡ್ರಮ್‌ಗಳ ಕ್ಯೂಆರ್ ನಿಯಮ ಇದಕ್ಕಿಂತ ಬೇರೆ, 2023ರ ಜನವರಿ 1ರಿಂದ ಜಾರಿ. ಅದರಲ್ಲಿ ಬ್ಯಾಚ್ ಗಾತ್ರ, ಶೇಖರಣೆಯ ಷರತ್ತು ಎಲ್ಲ ಸೇರಿ ಹನ್ನೊಂದು ಅಂಶ. ಎರಡರ ಟೆಂಪ್ಲೇಟ್ ಒಂದೇ ಫೋಲ್ಡರಿನಲ್ಲಿ ಇಡಬೇಡಿ.

---

ಗೋದಾಮು_ಮೈಸೂರು

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಶಿಪ್ಪರ್ (ಕಾರ್ಟನ್ ತುಂಬಿ ಕಳಿಸೋ ದೊಡ್ಡ ಪೆಟ್ಟಿಗೆ) ಬಗ್ಗೆ ಎರಡು ಅನುಮಾನ. ಒಂದು, ಶಿಪ್ಪರ್‌ಗೆ ಜಿಟಿನ್ ಬರೆಯುವಾಗ ಕಾರ್ಟನ್ ಜಿಟಿನ್ನಿನ ಮುಂದಿನ 0 ತೆಗೆದು 1 ಹಾಕಿದ್ರೆ ಸಾಕಲ್ವಾ? ಸ್ಕ್ಯಾನರ್ ಒಪ್ತಿಲ್ಲ. ಎರಡು, ಶಿಪ್ಪರ್ ಮುಚ್ಚಿ ಅಗ್ರಿಗೇಶನ್ (ಒಳಗಿರೋ ಕಾರ್ಟನ್ ಸೀರಿಯಲ್‌ಗಳನ್ನ ಶಿಪ್ಪರ್ ಕೋಡಿಗೆ ಜೋಡಿಸೋದು) ಆದ್ಮೇಲೆ ಗುಣಮಟ್ಟ ವಿಭಾಗದ ಕ್ಯೂಎಯವರು ಬಂದು ಎರಡು ಕಾರ್ಟನ್ ಸ್ಯಾಂಪಲ್ ತಗೊಂಡು ಹೋಗ್ತಾರೆ. ಟೇಪ್ ಹಾಕಿ ಹಾಗೇ ಕಳಿಸ್ತಿದ್ದಾರೆ.

---

ಚೆಕ್‌ಡಿಜಿಟ್

ಮೊದಲಂಕಿ ಬದಲಾದರೆ ಕೊನೆಯ ಚೆಕ್ ಡಿಜಿಟ್ಟೂ ಬದಲಾಗಬೇಕು. ಎಡದಿಂದ 13 ಅಂಕಿಗೆ 3, 1, 3, 1 ಅಂತ ಗುಣಿಸಿ ಕೂಡಿ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಮ್ಮಿಯೋ ಅದೇ ಚೆಕ್ ಡಿಜಿಟ್. ಮೇಲಿನ ಉದಾಹರಣೆ 0890123456789ಕ್ಕೆ ಮೊತ್ತ 130, ಆದ್ದರಿಂದ 0. ಮೊದಲಿಗೆ 1 ಹಾಕಿದರೆ ಮೊತ್ತ 133, ಚೆಕ್ ಡಿಜಿಟ್ 7, ಪೂರ್ತಿ ಸಂಖ್ಯೆ 18901234567897.

ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವವರು ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಇಲ್ಲದಿದ್ದರೆ ಮುಂದಿನ 0 ಮಾಯ, ದೊಡ್ಡ ಸಂಖ್ಯೆಗಳು 1.89ಇ+13 ಆಗಿ ಮಾಸ್ಟರ್ ಡೇಟಾಕ್ಕೆ ಸೇರಿ ಕೂರುತ್ತವೆ. ಶಿಪ್ಪರಿನಲ್ಲಿ ಕಾರ್ಟನ್ ಎಣಿಕೆ ಬದಲಾದರೆ, ಉದಾಹರಣೆಗೆ 120 ಇದ್ದದ್ದು 100 ಆದರೆ, ಆ ಶಿಪ್ಪರ್‌ಗೆ ಹೊಸ ಜಿಟಿನ್. ಹಳೆಯದನ್ನು ಬೇರೆ ಉತ್ಪನ್ನಕ್ಕೆ ಮತ್ತೆ ಕೊಡುವಂತಿಲ್ಲ.

---

ಔಷಧ_ಸರಪಳಿ

ಸ್ಯಾಂಪಲ್ ವಿಷಯಕ್ಕೆ: ಟೇಪ್ ಹಾಕಿ ಕಳಿಸಿದ ಆ ಶಿಪ್ಪರ್ ಈಗ ಸುಳ್ಳು ಹೇಳುತ್ತಿದೆ. ವ್ಯವಸ್ಥೆಯ ಪ್ರಕಾರ ಒಳಗೆ 120, ನಿಜಕ್ಕೂ 118. ಆಚೆಯವರು ಶಿಪ್ಪರ್ ಕೋಡ್ ಒಂದನ್ನೇ ಸ್ಕ್ಯಾನ್ ಮಾಡಿ 120 ಸೀರಿಯಲ್ ಬಂತು ಅಂತ ಒಪ್ಪಿಕೊಳ್ಳುತ್ತಾರೆ. ಆ ಎರಡು ಸೀರಿಯಲ್ ನಿಮ್ಮ ಸ್ಯಾಂಪಲ್ ಕೋಣೆಯಲ್ಲಿ ಕೂತಿರುತ್ತವೆ, ಲೆಕ್ಕದಲ್ಲಿ ಪರದೇಶ ಸೇರಿರುತ್ತವೆ.

ಸರಿಯಾದ ಕ್ರಮ ಇದು. ಶಿಪ್ಪರ್ ತೆರೆಯುವ ಮುಂಚೆ ರಿವರ್ಕ್ ಸ್ಟೇಷನ್ನಿನಲ್ಲಿ ಅದರ ಕೋಡ್ ಸ್ಕ್ಯಾನ್ ಮಾಡಿ, ತೆಗೆಯುವ ಎರಡು ಕಾರ್ಟನ್ ಸ್ಕ್ಯಾನ್ ಮಾಡಿ ಕೊಂಡಿ ಬಿಡಿಸುವುದು (ಸರಕಿನ ಜಾಡು ದಾಖಲಿಸುವ ಇಪಿಸಿಐಎಸ್ ಮಾನದಂಡದಲ್ಲಿ ಅಗ್ರಿಗೇಶನ್ ಘಟನೆಯ ‘ಡಿಲೀಟ್’). ಆ ಎರಡನ್ನು ‘ಸ್ಯಾಂಪಲ್’ ಅಂತ ಡಿಕಮಿಶನ್ ಮಾಡುವುದು. ಉಳಿದ 118ಕ್ಕೆ ಹೊಸ ಎಸ್‌ಎಸ್‌ಸಿಸಿ (ಶಿಪ್ಪರಿನ ವಿಶಿಷ್ಟ ಸಂಖ್ಯೆ) ಲೇಬಲ್ ಹೊಡೆದು ಹಳೇ ಲೇಬಲ್ ಕಿತ್ತು ಬ್ಯಾಚ್ ರೆಕಾರ್ಡಿಗೆ ಅಂಟಿಸುವುದು. ಹಳೇ ಲೇಬಲ್ ಮೇಲೇ ಹೊಸದನ್ನು ಅಂಟಿಸಿದರೆ ಅಂಚಿನಿಂದ ಹಳೇ ಗೆರೆಗಳು ಇಣುಕಿ ಸ್ಕ್ಯಾನರ್ ಅದನ್ನೇ ಓದಿಬಿಡಬಹುದು. ಇಷ್ಟೆಲ್ಲ ರಗಳೆ ಬೇಡ ಅಂದರೆ ಸ್ಯಾಂಪಲ್ ತೆಗೆಯುವ ಜಾಗವನ್ನೇ ಅಗ್ರಿಗೇಶನ್ ಕ್ಯಾಮೆರಾಕ್ಕೆ ಮುಂಚೆ ತನ್ನಿ. ಕ್ಯೂಎ ಜೊತೆ ಒಂದು ಸಭೆಯಲ್ಲಿ ಮುಗಿಯುವ ಕೆಲಸ.

ಅಗ್ರಿಗೇಶನ್ ಯುರೋಪಿನ ನಿಯಮದಲ್ಲಿ ಕಡ್ಡಾಯವಲ್ಲ ಅನ್ನುವುದು ನಿಜ. ಅಮೆರಿಕದ ಔಷಧ ಪೂರೈಕೆ ಸರಪಳಿಯ ಡಿಎಸ್‌ಸಿಎಸ್‌ಎ ಕಾನೂನೂ ಆ ಪದ ಹಿಡಿದು ಕೇಳುವುದಿಲ್ಲ. ಆದರೆ ಅಲ್ಲಿಗೆ ಪ್ರತಿ ಪ್ಯಾಕಿನ ಸೀರಿಯಲ್ ಸಮೇತ ವಹಿವಾಟಿನ ಡೇಟಾ ಕಳಿಸಬೇಕಾದ್ದರಿಂದ ಶಿಪ್ಪರ್ ತೆರೆಯದೆ ಅದನ್ನು ಕೊಡಲು ಬೇರೆ ದಾರಿಯಿಲ್ಲ. ಅಲ್ಲಿ ಜಿಟಿನ್ನಿಗೆ ಭಾರತದ 890 ಪ್ರಿಫಿಕ್ಸ್ ಕೂಡ ನಡೆಯುವುದಿಲ್ಲ. ಪ್ಯಾಕ್ ಮಟ್ಟದ ಅಂಕಿ, 03, ಹತ್ತು ಅಂಕಿಯ ಎನ್‌ಡಿಸಿ (ಅಮೆರಿಕದ ಔಷಧ ಸಂಖ್ಯೆ), ಚೆಕ್ ಡಿಜಿಟ್, ಹೀಗೆ 14.

---

ಇಂಕ್‌ಜೆಟ್ ಭಟ್ಟ

ಎಸ್‌ಎಸ್‌ಸಿಸಿ ಲೇಬಲ್ ಅಳತೆ ಕೇಳೋ ಮುಂಚೆ ಹೇಳ್ಬಿಡ್ತೀನಿ. ಜಿಎಸ್1-128 ಅನ್ನೋ ಗೆರೆಗಳ ಬಾರ್‌ಕೋಡಲ್ಲಿ 00 ಜೊತೆ 18 ಅಂಕಿಯ ಎಸ್‌ಎಸ್‌ಸಿಸಿಗೆ, ಎರಡೂ ಬದಿಯ ಖಾಲಿ ಅಂಚು ಸೇರಿ, 176 ಮಾಡ್ಯೂಲ್ ಬೇಕು. ಕನಿಷ್ಠ ಮಾಡ್ಯೂಲ್ 0.495 ಮಿ.ಮೀ., ಅಂದ್ರೆ 87 ಮಿ.ಮೀ. ಅಗಲ, ಎತ್ತರ 31.75. 105 ಅಗಲದ ಎ6 ಲೇಬಲಲ್ಲಿ ಹಿಡಿಯುತ್ತೆ. ಇದನ್ನ 75 ಮಿ.ಮೀ. ರೋಲಿಗೆ ತುರುಕೋಕೆ ಗೆರೆ ಸಣ್ಣ ಮಾಡಿದ್ರೆ ಫೋರ್ಕ್‌ಲಿಫ್ಟ್ ಮೇಲಿಂದ ಓದೋನು ಕೆಳಗಿಳಿದು ಬರಬೇಕಾಗುತ್ತೆ. ಶಿಪ್ಪರ್ ಟೇಪಿನ ಮೇಲೆ, ಮೂಲೆ ಮಡಚೋ ಜಾಗದಲ್ಲಿ ಅಂಟಿಸಬೇಡಿ. ಬದಿ ಅಂಚಿಂದ 5 ಸೆಂ.ಮೀ. ಒಳಗೆ ಸರಿಸಿ.

---

ಲೈನ್‌ನಾಲ್ಕು

ಎಲ್ಲರಿಗೂ ಧನ್ಯವಾದ. ನಾಲ್ಕು ಫೀಲ್ಡ್ ಬೇರೆ ಕಳಿಸೋಕೆ ಚೇಂಜ್ ಕಂಟ್ರೋಲ್ ಹಾಕಿದ್ದೇವೆ. ಮಾಡ್ಯೂಲ್ 0.339 ಮಾಡಿ ನೋಡಿದ್ರೆ ವಾರ್ನಿಶ್ ಕಾರ್ಟನ್ ಮೇಲೂ ಸಿ ಗಟ್ಟಿಯಾಗಿ ನಿಲ್ತಿದೆ, ಡಿ ಬರ್ತಿಲ್ಲ. ಈಗ ಕೆಳಗಿರೋ ಅಂಶ ಮಾಡ್ಯುಲೇಶನ್ ಒಂದೇ. ಭಟ್ರೇ, ವಾರ್ನಿಶ್ ಕಿಟಕಿ ಬಿಡಿಸಿದ ಕಾರ್ಟನ್ ಬರೋವರೆಗೆ ಇರೋ ಸ್ಟಾಕ್ ಓಡಿಸಬಹುದಾ?

---

ಇಂಕ್‌ಜೆಟ್ ಭಟ್ಟ

ಯಾವ ಸಿ ಅನ್ನೋದರ ಮೇಲೆ. 1.5ರಿಂದ 2.5ರವರೆಗೂ ಸಿ ಅಂತಲೇ ಬರೋದು. ರಿಪೋರ್ಟಲ್ಲಿ ಸಂಖ್ಯೆ 2ರ ಮೇಲಿದ್ರೆ ಓಡಿಸಿ, ಆದ್ರೆ ಕಾರ್ಟ್ರಿಜ್ ಬದಲಾದಾಗೆಲ್ಲ ಅಳೀರಿ. 1.6, 1.7 ಅಂತಿದ್ರೆ ಶಿಪ್ಪರಲ್ಲಿ ಉಜ್ಜಾಡಿ ಅಲ್ಲಿ ತಲುಪೋ ಹೊತ್ತಿಗೆ ಡಿ ಆಗಿರುತ್ತೆ. ಹಾಗಿದ್ರೆ ಆ ಸ್ಟಾಕನ್ನ ಸೀರಿಯಲ್ ಬೇಡದ ಮಾರುಕಟ್ಟೆಗೆ ಇಡಿ, ಅದೂ ಆರ್ಟ್‌ವರ್ಕ್ ಒಂದೇ ಇದ್ರೆ ಮಾತ್ರ. ಓಡಿಸೋ ಮುಂಚೆ ಹತ್ತು ಕಾರ್ಟನ್ ಹೊಡೆದು, ಒಂದು ನಿಮಿಷ ಒಣಗಲು ಬಿಟ್ಟು, ಒಂದರ ಮುಖಕ್ಕೆ ಇನ್ನೊಂದನ್ನ ಉಜ್ಜಿ ಮತ್ತೆ ಅಳೆದು ನೋಡಿ.